ಇಕಾರಸ್ ಬಿದ್ದ ಚಿತ್ರದಲ್ಲಿ ನೇಗಿಲು ಹೊಡೆಯುವವನೇ ಯಾಕೆ ಇಷ್ಟು ದೊಡ್ಡದಾಗಿ ಕಾಣ್ತಾನೆ?

ಬಣ್ಣದಪೆಟ್ಟಿಗೆ (ಧಾರವಾಡ)

ಎಲ್ಲರಿಗೂ ನಮಸ್ಕಾರ. ನಾನು ಧಾರವಾಡದಲ್ಲಿ ಚಿತ್ರಕಲೆ ಓದುತ್ತಿದ್ದೇನೆ, ಎರಡನೇ ವರ್ಷ. ಊರು ಸವಣೂರು ಹತ್ತಿರದ ಒಂದು ಹಳ್ಳಿ. ಬರುವ ಶುಕ್ರವಾರ ಸೆಮಿನಾರ್ ಇದೆ, ನನ್ನ ಪಾಲಿಗೆ ಬಂದಿರೋದು 16ನೇ ಶತಮಾನದ ಚಿತ್ರಕಾರ ಪೀಟರ್ ಬ್ರೂಗೆಲ್ ಹೆಸರಿನಲ್ಲಿರುವ ಇಕಾರಸ್ ಚಿತ್ರ. ಇಕಾರಸ್ ಅಂದರೆ ರೆಕ್ಕೆ ಕಟ್ಟಿಕೊಂಡು ಹಾರಿ ಸಮುದ್ರಕ್ಕೆ ಬಿದ್ದ ಗ್ರೀಕ್ ಕತೆಯ ಹುಡುಗ. ಬ್ರಸೆಲ್ಸ್‌ನ ರಾಯಲ್ ಮ್ಯೂಸಿಯಂನಲ್ಲಿದೆ.

ಚಿತ್ರ ನೋಡದವರಿಗೆ ಹೇಳ್ತೇನೆ. ಎತ್ತರದ ಒಂದು ದಂಡೆ, ಅದರ ಮೇಲೆ ಹೊಲ. ಕೆಂಪು ತೋಳಿನ ಅಂಗಿ ಹಾಕಿದ ಒಬ್ಬ ರೈತ ಕುದುರೆ ಕಟ್ಟಿ ನೇಗಿಲು ಹೊಡೀತಿದ್ದಾನೆ. ಅವನ ಕೆಳಗೆ ಒಬ್ಬ ಕುರಿ ಕಾಯುವವ, ಕೋಲಿಗೆ ಆನಿಕೊಂಡು ಮೇಲೆ ನೋಡ್ತಾ ನಿಂತಿದ್ದಾನೆ, ಪಕ್ಕದಲ್ಲಿ ನಾಯಿ. ಬಲಗಡೆ ಕೆಳಗೆ ಮೂಲೆಯಲ್ಲಿ ಒಬ್ಬ ಗಾಳ ಹಾಕಿ ಕೂತಿದ್ದಾನೆ. ಮಿಕ್ಕಿದ್ದೆಲ್ಲ ಹಸಿರು ಸಮುದ್ರ, ಹಾಯಿ ಉಬ್ಬಿದ ದೊಡ್ಡ ಹಡಗು, ದೂರದಲ್ಲಿ ಊರು, ಗುಡ್ಡ, ಮುಳುಗುವ ಸೂರ್ಯ. ಇಕಾರಸ್ ಎಲ್ಲಿ ಅಂತ ಹುಡುಕಿದರೆ ಹಡಗಿನ ಹತ್ತಿರ ನೀರಲ್ಲಿ ಎರಡು ಬಿಳಿ ಕಾಲು. ಅಷ್ಟೇ. ಮೊದಲ ಸಲ ನೋಡಿದಾಗ ನನಗೆ ಆ ಕಾಲು ಕಾಣಲೇ ಇಲ್ಲ, ಹೆಸರು ಓದಿದ ಮೇಲೆ ಹುಡುಕಿದೆ.

ತರಗತಿಯಲ್ಲಿ ಬರೆಸಿದ ಟಿಪ್ಪಣಿಯಲ್ಲಿ ‘ಬೇರೆಯವರ ಕಷ್ಟಕ್ಕೆ ಮನುಷ್ಯರ ನಿರ್ಲಕ್ಷ್ಯ’ ಅಂತ ಒಂದೇ ಸಾಲಿನಲ್ಲಿ ಮುಗಿಸಿದ್ದಾರೆ. ನಾನೂ ಹಾಗೇ ಬರೆದುಕೊಂಡಿದ್ದೆ. ಹೋದ ರವಿವಾರ ಊರಿಗೆ ಹೋದಾಗ ಲ್ಯಾಪ್‌ಟಾಪಿನಲ್ಲಿ ಈ ಚಿತ್ರ ತೆರೆದಿತ್ತು. ಅಪ್ಪ ಚಹಾದ ಕಪ್ಪು ಹಿಡಿದುಕೊಂಡು ಹಿಂದೆ ಬಂದು ನಿಂತರು. ಬಹಳ ಹೊತ್ತು ನೋಡಿದರು. ನಾನು ಕತೆ ಹೇಳಿದೆ, ಅಲ್ಲಿ ಹುಡುಗ ಮುಳುಗ್ತಿದ್ದಾನೆ ಇವನು ತಿರುಗಿ ಸಹ ನೋಡ್ತಿಲ್ಲ ಅಂದೆ. ಅಪ್ಪ ಹೇಳಿದ್ದು ಇಷ್ಟು: “ರಂಟಿ ಹಿಡದಾಂವ ಎಲ್ಲಿ ನೋಡ್ತಾನವ್ವಾ? ಕಣ್ಣ ತಗದಂದ್ರ ಸಾಲ ಹೋತು.” (ರಂಟಿ ಅಂದರೆ ನೇಗಿಲು, ಸಾಲ ಅಂದರೆ ಉಳುಮೆಯ ಸಾಲು.)

ಆಮೇಲಿಂದ ನನಗೆ ಟಿಪ್ಪಣಿಯ ಆ ಸಾಲು ಓದೋಕೆ ಆಗ್ತಿಲ್ಲ. ಅಪ್ಪ ಹೇಳಿದ್ದು ಸರಿ ಅನಿಸುತ್ತೆ, ಆದರೆ ಕಲಾವಿದ ಹಾಗೆ ಯೋಚಿಸಿದ್ದನಾ ಗೊತ್ತಿಲ್ಲ. ಹೆಸರು ಇಕಾರಸ್‌ದು, ಮೈತುಂಬ ಬರೆದಿರೋದು ರೈತನನ್ನ. ಯಾಕೆ? ಇನ್ನೊಂದು, ಇದು ಬ್ರೂಗೆಲ್ ಕೈಯದೇ ಅಲ್ಲ ಅಂತ ಒಂದು ಕಡೆ ಓದಿದೆ, ಅದು ನಿಜವಾ? ಗೊತ್ತಿದ್ದವರು ದಯವಿಟ್ಟು ತಿಳಿಸಿ.

ಡ್ರಾಯಿಂಗ್ ಮಾಸ್ತರ (ಗದಗ)

ತಂಗಿ, ಮೊದಲು ನಿಮ್ಮ ಅಪ್ಪನಿಗೆ ನನ್ನ ನಮಸ್ಕಾರ ಹೇಳು. ಹೈಸ್ಕೂಲಿನಲ್ಲಿ 31 ವರ್ಷ ಡ್ರಾಯಿಂಗ್ ಕಲಿಸಿದ್ದೇನೆ, ಈ ಚಿತ್ರವನ್ನು ಎಷ್ಟೋ ಸಲ ತೋರಿಸಿದ್ದೇನೆ. ಅವರ ಮಾತು ನನಗೆ ಯಾಕೆ ಹೊಳೀಲಿಲ್ಲ ಅಂತ ನಿನ್ನೆ ರಾತ್ರಿಯಿಂದ ಯೋಚಿಸ್ತಿದ್ದೇನೆ.

ನಿನ್ನ ಪ್ರಶ್ನೆಗೆ ಉತ್ತರ ಹುಡುಕೋಕೆ ಮೂಲ ಕತೆಯನ್ನೇ ಸರಿಯಾಗಿ ಓದಬೇಕು. ಅದು ರೋಮಿನ ಕವಿ ಓವಿಡ್ ಬರೆದ ‘ಮೆಟಮಾರ್ಫಸಿಸ್’ ಕಾವ್ಯದ 8ನೇ ಭಾಗದಲ್ಲಿದೆ, ಸುಮಾರು 2000 ವರ್ಷ ಹಳೇದು. ಡೀಡಲಸ್ ಅನ್ನೋ ದೊಡ್ಡ ಕುಶಲಕರ್ಮಿ, ನಮ್ಮಲ್ಲಿ ವಿಶ್ವಕರ್ಮ ಅಂತೇವಲ್ಲ ಹಾಗೆ. ಕ್ರೀಟ್ ದ್ವೀಪದ ರಾಜ ಮಿನೋಸ್ ಅವನನ್ನು ಊರಿಗೆ ಹೋಗಲು ಬಿಡ್ತಿರಲಿಲ್ಲ. ನೆಲ ಮುಚ್ಚಿದೆ, ನೀರು ಮುಚ್ಚಿದೆ, ಆಕಾಶ ತೆರೆದೇ ಇದೆಯಲ್ಲ ಅಂತ ಅವನು ರೆಕ್ಕೆ ಕಟ್ಟೋಕೆ ಕೂತ. ಗರಿಗಳನ್ನು ಸಣ್ಣದರಿಂದ ದೊಡ್ಡದಕ್ಕೆ ಸಾಲಾಗಿ ಜೋಡಿಸಿ, ನಡುವೆ ದಾರ ಕಟ್ಟಿ, ಬುಡಕ್ಕೆ ಮೇಣ ಹಚ್ಚಿದ. ಮಗ ಇಕಾರಸ್ ಪಕ್ಕದಲ್ಲೇ ಆಡ್ತಿದ್ದ. ಗಾಳಿಗೆ ಹಾರುವ ಗರಿ ಹಿಡಿಯೋದು, ಹೆಬ್ಬೆರಳಿನಿಂದ ಮೇಣ ಮೆತ್ತಗೆ ಮಾಡೋದು, ಅಪ್ಪನ ಕೆಲಸಕ್ಕೆ ಅಡ್ಡ ಬರೋದು. ಇದೆಲ್ಲ ಓವಿಡ್ ಬರೆದದ್ದೇ, ನಾನು ಸೇರಿಸಿದ್ದಲ್ಲ. ರೆಕ್ಕೆ ತೊಡಿಸುವಾಗ ಅಪ್ಪನ ಕೈ ನಡುಗಿತು, ಕೆನ್ನೆ ಒದ್ದೆಯಾಗಿತ್ತು. ನಡುವಿನ ದಾರಿ ಹಿಡಿ, ಕೆಳಗೆ ಹೋದರೆ ನೀರಿನ ತೇವಕ್ಕೆ ಗರಿ ಭಾರ ಆಗ್ತವೆ, ಮೇಲೆ ಹೋದರೆ ಬಿಸಿಲು ಸುಡ್ತದೆ ಅಂದ. ಹುಡುಗ ಹಾರುವ ಸಂತೋಷದಲ್ಲಿ ಮೇಲಕ್ಕೆ ಹೋದ, ಮೇಣ ಕರಗಿತು, ಬಿದ್ದ.

ಈಗ ಮುಖ್ಯವಾದದ್ದು. ಅವರಿಬ್ಬರೂ ಹಾರಿ ಹೋಗುವಾಗ ಕೆಳಗಿನಿಂದ ಮೂವರು ನೋಡಿದರು ಅಂತ ಓವಿಡ್ ಬರೀತಾನೆ. ಗಾಳ ಹಿಡಿದ ಒಬ್ಬ, ಕೋಲಿಗೆ ಆನಿದ ಕುರುಬ, ನೇಗಿಲ ಹಿಡಿಗೆ ಆನಿದ ರೈತ. ಮೂವರೂ ಬೆರಗಾಗಿ, ಆಕಾಶದಲ್ಲಿ ಹಾರ್ತಾರೆ ಅಂದರೆ ಇವರು ದೇವರೇ ಇರಬೇಕು ಅಂದುಕೊಂಡರಂತೆ.

ಅದೇ ಮೂವರು ಚಿತ್ರದಲ್ಲಿದ್ದಾರೆ ನೋಡು. ಗಾಳ, ಕೋಲು, ನೇಗಿಲು ಎಲ್ಲಾ ಇದೆ. ಅಂದರೆ ಚಿತ್ರಕಾರ ಕಾವ್ಯವನ್ನು ಚೆನ್ನಾಗಿ ಬಲ್ಲವನು, ಅದರಿಂದ ಮೂವರನ್ನೂ ಎತ್ತಿಕೊಂಡು ಅವರ ಬೆರಗನ್ನು ಮಾತ್ರ ತೆಗೆದುಬಿಟ್ಟ. ರೈತ ನೆಲ ನೋಡ್ತಾನೆ. ಗಾಳದವನು ನೀರಿಗೆ ಬಾಗಿದ್ದಾನೆ. ಕುರುಬನೊಬ್ಬ ಮೇಲೆ ನೋಡ್ತಾನೆ, ಅದೂ ಖಾಲಿ ಆಕಾಶ, ಹುಡುಗ ಬಿದ್ದದ್ದು ಅವನ ಬೆನ್ನಿನ ಕಡೆ. ಇದನ್ನು ಬೇಕು ಅಂತಲೇ ಮಾಡಿದ್ದು, ಅದರಲ್ಲಿ ನನಗೆ ಸಂಶಯ ಇಲ್ಲ. ಆದರೆ ಬೇಕಂತ ಮಾಡಿದ್ದಕ್ಕೆ ಒಂದೇ ಅರ್ಥ ಇರಬೇಕಾಗಿಲ್ಲ.

ಎರಿಹೊಲ (ಶಿಗ್ಗಾಂವಿ)

ನನಗೆ ಚಿತ್ರಕಲೆ ಗೊತ್ತಿಲ್ಲ ತಂಗಿ, ನೇಗಿಲು ಗೊತ್ತು. ಆದ್ದರಿಂದ ಅದಷ್ಟೇ ಹೇಳ್ತೇನೆ. ಮಗನ ಮೊಬೈಲಿನಲ್ಲಿ ಈ ಚಿತ್ರ ಹುಡುಕಿ ಹೊಲದ ಭಾಗವನ್ನು ದೊಡ್ಡದು ಮಾಡಿ ನೋಡಿದೆ.

ಇದನ್ನು ಬರೆದವನು ಉಳುಮೆಯನ್ನು ಹತ್ತಿರದಿಂದ ನೋಡಿದ್ದಾನೆ. ಸುಮ್ನೆ ನಾಲ್ಕು ಗೆರೆ ಎಳೆದು ಬಿಟ್ಟಿಲ್ಲ. ಮಣ್ಣು ಒಂದೇ ಕಡೆಗೆ ಮಗುಚಿ ಬಿದ್ದಿದೆ, ಹೆಂಟೆಯ ಮೇಲೆ ಹೆಂಟೆ, ಒಂದರ ಮೇಲೊಂದು ಒರಗಿದ ಹಾಗೆ. ನಮ್ಮ ಹಳೇ ಕಟ್ಟಿಗೆ ರಂಟಿ ಹೀಗೆ ಮಾಡೋದಿಲ್ಲ, ಅದು ಮಣ್ಣನ್ನು ಸೀಳ್ತದೆ ಅಷ್ಟೇ, ಎರಡೂ ಕಡೆಗೆ ಸರಿಸ್ತದೆ. ಹೀಗೆ ಮಗುಚಬೇಕಂದರೆ ಹಲಗೆ ಇರುವ ನೇಗಿಲು ಬೇಕು, ನಮ್ಮಲ್ಲಿ ಕಬ್ಬಿಣದ ರಂಟಿ ಬಂದ ಮೇಲೆ ನೋಡಿದ್ದು. ಇನ್ನೊಂದು ನೋಡಿ, ಸಾಲು ನೆಟ್ಟಗಿಲ್ಲ, ದಂಡೆಯ ಬಳುಕಿನ ಜೊತೆಗೇ ಬಾಗಿ ಹೋಗಿವೆ. ಇಳಿಜಾರಿನ ಹೊಲದಲ್ಲಿ ಹಾಗೇ ಹೊಡೀಬೇಕು, ಇಳಿಜಾರಿಗೆ ಅಡ್ಡ. ಮೇಲಿಂದ ಕೆಳಗೆ ಹೊಡೆದರೆ ಒಂದು ದೊಡ್ಡ ಮಳೆಗೆ ಮಣ್ಣೆಲ್ಲ ಹಳ್ಳ ಸೇರ್ತದೆ. ಇಂಥ ಬಾಗುವ ಸಾಲಿನಲ್ಲಿ ಕಣ್ಣು ಇನ್ನೂ ಜಾಸ್ತಿ ಬೇಕು, ಯಾಕೆಂದರೆ ಹಿಂದಿನ ಸಾಲನ್ನು ನೋಡಿಕೊಂಡೇ ಮುಂದಿನದ್ದು ಹೊಡೀಬೇಕು.

ನಾನು 14 ವರ್ಷದವನಿದ್ದಾಗಿನ ಮಾತು ಹೇಳ್ತೇನೆ. ಮೊದಲ ವರ್ಷ ನನ್ನ ಕೈಗೆ ರಂಟಿ ಕೊಟ್ಟಿದ್ದರು. ಆಗೆಲ್ಲ ನಮ್ಮ ಕಡೆ ವಿಮಾನ ಅಪರೂಪ. ಒಂದು ದಿನ ಸದ್ದು ಕೇಳಿ ಮೇಲೆ ನೋಡಿದೆ, ಬಹಳ ಹೊತ್ತಲ್ಲ, ಹತ್ತು ಹೆಜ್ಜೆ ನಡೆಯುವಷ್ಟು. ಎತ್ತು ಬದುವಿನ ಕಡೆ ವಾಲಿದವು, ಮಣ್ಣೊಳಗಿನ ಕಲ್ಲಿಗೆ ಕುಳ ಬಡಿದು ರಂಟಿ ಮೇಲಕ್ಕೆ ಹಾರಿತು, ಎಡಗಡೆ ಎತ್ತಿನ ಹಿಂಗಾಲಿಗೆ ತಾಗಿತು. ಗೊರಸಿನ ಮೇಲೆ ಇಷ್ಟುದ್ದ ಸೀಳಿತು. ಅಪ್ಪ ಓಡಿ ಬಂದರು, ನನ್ನ ಬೈಯಲಿಲ್ಲ. ನೊಗ ಬಿಚ್ಚಿ, ತಮ್ಮ ರುಮಾಲು ಹರಿದು ಕಟ್ಟಿದರು, ಮನೆಗೆ ಬಂದು ಅರಿಷಿಣ ಎಣ್ಣೆ ಹಚ್ಚಿದರು. ಎಂಟು ದಿನ ಆ ಎತ್ತು ಕುಂಟಿತು. ಆ ಎಂಟು ದಿನ ಅದರ ಮುಂದೆ ನಿಂತು ನೀರು ಕುಡಿಸುವಾಗ ನನಗೆ ಅಳು ಬರ್ತಿತ್ತು. ಅಲ್ಲಿಂದ ಇಲ್ಲಿಯವರೆಗೆ ರಂಟಿ ಹಿಡಿದಾಗ ನಾನು ಮೇಲೆ ನೋಡಿಲ್ಲ.

ಅದಕ್ಕೇ ಈ ಮನುಷ್ಯನನ್ನು ಕಲ್ಲೆದೆಯವನು ಅಂದರೆ ನನಗೆ ಒಪ್ಪಿಗೆ ಇಲ್ಲ. ಅವನು ಮುಖ ಮಾಡಿರೋದು ಎಡಕ್ಕೆ. ಹುಡುಗ ಬಿದ್ದಿರೋದು ಬಲಗಡೆ, ಕೆಳಗೆ, ಅಷ್ಟು ದೂರ. ಸಮುದ್ರದ ಗಾಳಿ ಹಡಗಿನ ಹಾಯಿ ಉಬ್ಬುವಷ್ಟು ಬೀಸ್ತಿದೆ, ಸದ್ದು ಕೇಳೋದಾದರೂ ಹೇಗೆ? ಹೊತ್ತು ಬೇರೆ ಮುಳುಗ್ತಿದೆ, ಉಳಿದ ಸಾಲು ಮುಗಿಸಬೇಕು.

ಕೇಳಬೇಕಾದರೆ ಗಾಳ ಹಾಕಿದವನನ್ನು ಕೇಳಿ. ಅವನ ಎದುರಿಗೇ ಬಿದ್ದಿದೆ. ಕೈ ಚಾಚಿದರೆ ಅಲ್ಲ, ಆದರೆ ಕೂಗಿದರೆ ಕೇಳುವಷ್ಟು ಹತ್ತಿರ. ಹಡಗಿನ ಮೇಲೆ ಜನ ಇದ್ದಾರೆ, ಅವರಿಗೆ ಹಗ್ಗ ಇದೆ. ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ ಅನ್ನೋದು ನನ್ನ ಮಾತು.

ಬಣ್ಣದಪೆಟ್ಟಿಗೆ (ಧಾರವಾಡ)

ಕಾಕಾ, ನೀವು ಬರೆದದ್ದನ್ನು ಓದಿ ಮತ್ತೆ ಚಿತ್ರ ತೆರೆದು ಕೂತೆ. ಮಣ್ಣು ಮಗುಚಿದ್ದು ಈಗ ಕಾಣ್ತಿದೆ. ಇನ್ನೊಂದು ಕಂಡಿತು. ಅವನ ಬೂದು ಮೇಲಂಗಿಗೆ ಉದ್ದುದ್ದ ನಿರಿಗೆ ಇವೆ ನೋಡಿ, ಆ ನಿರಿಗೆ ಮತ್ತು ಹೊಲದ ಸಾಲು ಒಂದೇ ಲಯದಲ್ಲಿ ಬರೆದ ಹಾಗಿದೆ. ಬೆಳಕು ಒಂದು ಮಗ್ಗುಲಿಗೆ, ನೆರಳು ಒಂದು ಮಗ್ಗುಲಿಗೆ, ಮತ್ತೆ ಬೆಳಕು. ಸೀರೆ ನಿರಿಗೆ ಹಿಡಿದ ಹಾಗೆ. ಬಟ್ಟೆಯಿಂದ ಮಣ್ಣಿಗೆ ಕಣ್ಣು ಜಾರಿ ಹೋಗ್ತದೆ. ಅಂದರೆ ಅವನೂ ಹೊಲವೂ ಬೇರೆ ಅಲ್ಲ ಅನ್ನೋ ಹಾಗೆ ಬರೆದಿದ್ದಾರೆ ಅನಿಸ್ತು.

ಮಾಸ್ತರ್, ಓವಿಡ್ ಮಾತು ತಿಳಿಸಿದ್ದಕ್ಕೆ ತುಂಬಾ ಧನ್ಯವಾದ. ನಮ್ಮ ಟಿಪ್ಪಣಿಯಲ್ಲಿ ಆ ಮೂವರ ವಿಷಯವೇ ಇರಲಿಲ್ಲ. ಬ್ರೂಗೆಲ್ ಕೈಯದು ಹೌದಾ ಅಲ್ವಾ ಅನ್ನೋದು ಯಾರಿಗಾದರೂ ಗೊತ್ತಿದೆಯಾ?

ನೀಲಿಗೆರೆ (ಹುಬ್ಬಳ್ಳಿ)

ನಾನು ಹುಬ್ಬಳ್ಳಿಯವನು, ಕೆಲಸದ ಮೇಲೆ ಕೆಲವು ತಿಂಗಳು ಬೆಲ್ಜಿಯಂನಲ್ಲಿದ್ದೆ. ಈ ಚಿತ್ರದ ಮುಂದೆ ಮೂರು ಸಲ ಹೋಗಿ ನಿಂತಿದ್ದೇನೆ.

ಮೊದಲು ಅಳತೆ ಹೇಳ್ತೇನೆ, ಯಾಕೆಂದರೆ ಪರದೆ ಮೇಲೆ ನೋಡಿದರೆ ಅದು ತಿಳಿಯೋದಿಲ್ಲ. 112 ಸೆಂ.ಮೀ. ಅಗಲ, 73.5 ಸೆಂ.ಮೀ. ಎತ್ತರ. 50 ಇಂಚಿನ ಟಿ.ವಿ. ಅಗಲಕ್ಕೆ ಸರಿಹೋಗ್ತದೆ. ಅಷ್ಟು ದೊಡ್ಡದರಲ್ಲಿ ಆ ಕಾಲು ಬೆರಳಿನಷ್ಟು ಸಹ ಇಲ್ಲ. ಹತ್ತಿರ ಹೋದರೆ ಕಾಲಿನ ಸುತ್ತ ಗಾಳಿಯಲ್ಲಿ ಇನ್ನೂ ಇಳೀತಿರುವ ಗರಿಗಳು ಕಾಣ್ತವೆ, ಬಿಳಿ ಚುಕ್ಕೆಯಷ್ಟು. ಹುಡುಗ ಬಿದ್ದಾಯ್ತು, ಗರಿ ಇನ್ನೂ ಬಿದ್ದಿಲ್ಲ. ಅಂದರೆ ಇದು ಬಿದ್ದ ಮರುಕ್ಷಣ. ಆ ಗರಿ ನೋಡಿದಾಗ ನನ್ನ ಹೊಟ್ಟೆಯೊಳಗೆ ಏನೋ ಆಯ್ತು, ಇವತ್ತಿಗೂ ನೆನಪಿದೆ.

ಯಾರ ಕೈಯದು ಅನ್ನೋದರ ಬಗ್ಗೆ. ಮ್ಯೂಸಿಯಂ ಇದನ್ನು 1912ರಲ್ಲಿ ಕೊಂಡಿತು. ಬಹಳ ವರ್ಷ ಬ್ರೂಗೆಲ್‌ದೇ ಅಂತ ನಂಬಿದ್ದರು. ಸಂಶಯಕ್ಕೆ ಒಂದು ಕಾರಣ ಇದು ಕ್ಯಾನ್ವಾಸ್ ಮೇಲೆ ಎಣ್ಣೆಬಣ್ಣದಲ್ಲಿದೆ ಅನ್ನೋದು. ಬ್ರೂಗೆಲ್ ಎಣ್ಣೆಬಣ್ಣ ಬಳಸಿದ್ದು ಮರದ ಹಲಗೆ ಮೇಲೆ. ಬಟ್ಟೆ ಮೇಲೆ ಬರೆದಾಗ ಅಂಟಿನಲ್ಲಿ ಕಲಸಿದ ಬಣ್ಣ ಬಳಸ್ತಿದ್ದರು, 1568ರ ಕುರುಡರ ಸಾಲಿನ ಚಿತ್ರ ಹಾಗೇ ಇದೆ. ಈಗ ಬಹಳ ಜನ ವಿದ್ವಾಂಸರು ಇದು ಕಳೆದುಹೋದ ಮೂಲ ಚಿತ್ರದ ಹಳೆಯ ನಕಲು, ಕಲ್ಪನೆ ಮಾತ್ರ ಬ್ರೂಗೆಲ್‌ದು ಅಂತಾರೆ. ಬ್ರೂಗೆಲ್ ತೀರಿಕೊಂಡದ್ದು 1569ರಲ್ಲಿ. ಇದನ್ನು ಸೆಮಿನಾರಿನಲ್ಲಿ ಧೈರ್ಯವಾಗಿ ಹೇಳಿ. ನಕಲು ಅಂದ ಕೂಡಲೇ ಚಿತ್ರದ ಬೆಲೆ ಕಡಿಮೆ ಆಗೋದಿಲ್ಲ. ಕೈ ಯಾರದಾದರೂ ಇರಲಿ, ಹೊಲವನ್ನು ಮುಂದೆ ಇಟ್ಟು ಹುಡುಗನನ್ನು ಮೂಲೆಗೆ ಇಟ್ಟ ಯೋಚನೆ ಅಲ್ಲೇ ಇದೆ.

ಇನ್ನೊಂದು ಪ್ರತಿಯೂ ಇದೆ, ಬ್ರಸೆಲ್ಸ್‌ನಲ್ಲೇ, ವಾನ್ ಬ್ಯೂರೆನ್ ಮ್ಯೂಸಿಯಂನಲ್ಲಿ. ಅದರಲ್ಲಿ ಆಕಾಶದಲ್ಲಿ ಡೀಡಲಸ್ ಹಾರ್ತಿದ್ದಾನೆ! ಅದನ್ನು ನೋಡಿದರೆ ಕುರುಬ ಮೇಲೆ ಯಾಕೆ ನೋಡ್ತಾನೆ ಅನ್ನೋದು ತಕ್ಷಣ ತಿಳೀತದೆ, ಅವನು ಅಪ್ಪನನ್ನು ನೋಡ್ತಿದ್ದಾನೆ. ಇಲ್ಲಿ ಅಪ್ಪ ಇಲ್ಲ, ನೋಟ ಮಾತ್ರ ಉಳಿದಿದೆ.

ನನಗೆ ಅನಿಸಿದ್ದು ಒಂದಿದೆ. ಈ ಭೂದೃಶ್ಯವನ್ನು ಎಲ್ಲಿಂದ ನೋಡಿ ಬರೆದಿದ್ದಾರೆ ಅಂತ ಯೋಚಿಸಿ. ನೆಲದ ಮೇಲೆ ನಿಂತಲ್ಲ. ರೈತನ ತಲೆಯ ಮೇಲಿನಿಂದ, ಹಡಗಿನ ಮೇಲಿನಿಂದ, ಬಹಳ ಎತ್ತರದಿಂದ. ಆ ಕಾಲದಲ್ಲಿ ಈಗಿನ ಬೆಲ್ಜಿಯಂನ ಆಂಟ್‌ವರ್ಪ್ ಕಡೆ ಇದೊಂದು ಪದ್ಧತಿಯೇ ಇತ್ತು, ಬ್ರೂಗೆಲ್‌ಗಿಂತ ಮುಂಚೆ ಪಾಟಿನಿರ್ ಅನ್ನೋ ಚಿತ್ರಕಾರ ಬೆಳೆಸಿದ್ದು. ಇಡೀ ಜಗತ್ತನ್ನೇ ಒಂದು ಹಲಗೆಯಲ್ಲಿ ತೋರಿಸೋದು, ಹತ್ತಿರಕ್ಕೆ ಕಂದು, ನಡುವೆ ಹಸಿರು, ದೂರಕ್ಕೆ ನೀಲಿ. ಬ್ರೂಗೆಲ್ 1550ರ ದಶಕದಲ್ಲಿ ಆಲ್ಪ್ಸ್ ದಾಟಿ ಇಟಲಿಗೆ ಹೋಗಿ ಬಂದವರು, ಎತ್ತರದಿಂದ ನೋಡೋದು ಕಣ್ಣಿಗೆ ರೂಢಿಯಾಗಿತ್ತು. ಪದ್ಧತಿ ಏನೇ ಇರಲಿ, ಈ ಕತೆಗೆ ಆ ಎತ್ತರ ಬೇರೆ ಕೆಲಸ ಮಾಡ್ತದೆ. ಅಷ್ಟು ಮೇಲಿನಿಂದ ಈ ಸಮುದ್ರ ನೋಡ್ತಿದ್ದವನು ಒಬ್ಬನೇ, ಅಪ್ಪ ಡೀಡಲಸ್. ನಾವು ಅವನ ಜಾಗದಲ್ಲಿದ್ದೇವೆ. ಕೆಳಗೆ ಹೊಲ ಕಾಣ್ತದೆ, ಹಡಗು ಕಾಣ್ತದೆ, ಮಗ ಎಲ್ಲಿ ಅಂತ ಹುಡುಕ್ತೇವೆ.

ಪದಗಿತ್ತಿ (ಲಕ್ಷ್ಮೇಶ್ವರ)

ನೀಲಿಗೆರೆ ಅಣ್ಣಾ, ಆ ಕೊನೆಯ ಮಾತು ಓದಿ ಸ್ವಲ್ಪ ಹೊತ್ತು ಮೊಬೈಲ್ ಕೆಳಗಿಟ್ಟೆ. ಓವಿಡ್‌ನಲ್ಲಿ ಅಪ್ಪ ಕೂಗ್ತಾನೆ, ಇಕಾರಸ್, ಎಲ್ಲಿದ್ದೀಯಾ, ಎಲ್ಲಿ ಹುಡುಕಲಿ ಅಂತ. ಕೂಗ್ತಾ ಕೂಗ್ತಾ ನೀರಿನ ಮೇಲೆ ಗರಿ ಕಾಣ್ತವೆ. ಆ ಗರಿಯೇ ಚಿತ್ರದಲ್ಲಿರೋದು.

ನಾನು ಕನ್ನಡ ಪಾಠ ಹೇಳುವವಳು. ನಮ್ಮ ಮಕ್ಕಳಿಗೆ ಈ ಕತೆ ಹೇಳಿದರೆ ತಕ್ಷಣ ಸಂಪಾತಿ ಅಂತಾರೆ. ರಾಮಾಯಣದಲ್ಲಿ ಸಂಪಾತಿ, ಜಟಾಯು ಅಣ್ಣತಮ್ಮ ಸೂರ್ಯನ ಕಡೆ ಪಂದ್ಯ ಕಟ್ಟಿ ಹಾರ್ತಾರೆ, ಜಟಾಯು ಬಿಸಿಲಿಗೆ ಸೋತಾಗ ಅಣ್ಣ ತನ್ನ ರೆಕ್ಕೆ ಅಗಲಿಸಿ ನೆರಳು ಮಾಡ್ತಾನೆ, ತಮ್ಮ ಉಳೀತಾನೆ, ಅಣ್ಣನ ರೆಕ್ಕೆ ಸುಟ್ಟು ವಿಂಧ್ಯದ ಮೇಲೆ ಬೀಳ್ತಾನೆ. ಅಲ್ಲಿ ಮೇಲೆ ಒಬ್ಬರು ಅಡ್ಡ ನಿಂತರು. ಇಲ್ಲಿ ಅಪ್ಪ ಮುಂದೆ ಹಾರ್ತಿದ್ದ, ಮಗ ಹಿಂದೆ. ಹಿಂದೆ ತಿರುಗಿ ತಿರುಗಿ ನೋಡ್ತಾ ಹಾರ್ತಿದ್ದ ಅಂತಲೂ ಓವಿಡ್ ಬರೆದಿದ್ದಾನೆ.

ಆದರೆ ಎರಿಹೊಲ ಅಣ್ಣನ ಮಾತಿಗೆ ನನ್ನ ತಕರಾರು ಒಂದಿದೆ. ಚಿತ್ರಕಾರ ರೈತನನ್ನು ಅಷ್ಟು ಸುಲಭಕ್ಕೆ ಬಿಟ್ಟಿಲ್ಲ. ಎಡಗಡೆ ಪೊದೆ ಇದೆಯಲ್ಲ, ಹೊಲದ ಆಚೆ, ಅದರ ಕತ್ತಲೊಳಗೆ ದೊಡ್ಡದು ಮಾಡಿ ನೋಡಿ. ಒಂದು ಬೆಳ್ಳನೆ ತಲೆ ಕಾಣ್ತದೆ, ಮಲಗಿದ ಮನುಷ್ಯನದು. ಸತ್ತವನು ಅಂತ ಹೇಳ್ತಾರೆ. ಬ್ರೂಗೆಲ್ ನಾಡಿನಲ್ಲಿ ಒಂದು ಗಾದೆ ಇತ್ತಂತೆ, ಸಾಯುವವನಿಗಾಗಿ ಯಾವ ನೇಗಿಲೂ ನಿಲ್ಲೋದಿಲ್ಲ ಅಂತ. ಬ್ರೂಗೆಲ್‌ಗೆ ಗಾದೆಗಳೆಂದರೆ ಪ್ರಾಣ, ಬರೀ ಗಾದೆಗಳನ್ನೇ ತುಂಬಿ 1559ರಲ್ಲಿ ಒಂದು ಇಡೀ ಚಿತ್ರ ಬರೆದವರು. ಇಲ್ಲಿ ಹುಡುಗ ಬಿದ್ದಿರೋದು ಬಲಗಡೆ ದೂರದಲ್ಲಿ, ಕಾಣಲಿಲ್ಲ ಅಂತ ಒಪ್ಪೋಣ. ಆದರೆ ಕುದುರೆ ಹೋಗ್ತಿರೋದೇ ಎಡಕ್ಕೆ. ಆ ಹೆಣ ಅವನ ಮುಂದಿದೆ.

ಎರಿಹೊಲ (ಶಿಗ್ಗಾಂವಿ)

ಅಕ್ಕಾರ, ನೀವು ಹೇಳಿದ ಮೇಲೆ ನೋಡಿದೆ. ತಲೆ ಇದೆ. ನಾನು ಅದನ್ನು ಕಲ್ಲು ಅಂದುಕೊಂಡಿದ್ದೆ.

ಈಗ ಮಾತು ಬದಲಾಯ್ತು, ಒಪ್ಪುತ್ತೇನೆ. ನಮ್ಮ ಊರಲ್ಲಿ ಯಾರಾದರೂ ತೀರಿಕೊಂಡರೆ ಹೆಣ ಎತ್ತುವವರೆಗೆ ಯಾರೂ ಎತ್ತು ಹೂಡೋದಿಲ್ಲ. ಹೂಡಿದ್ದರೂ ಸುದ್ದಿ ಬಂದ ಕೂಡಲೇ ನೊಗ ಬಿಚ್ಚುತ್ತಾರೆ. ಹದ ಹೋದರೂ ಸರಿ. ಒಂದು ಸಲ ಹಿಂಗಾರಿ ಬಿತ್ತನೆ ದಿನ ಓಣಿಯ ಹಿರಿಯರೊಬ್ಬರು ಹೋದರು, ಕೂರಿಗೆ ಅರ್ಧ ಹೊಲದಲ್ಲಿ ಹಾಗೇ ನಿಂತಿತು, ಮರುದಿನ ಮೇಲ್ಮಣ್ಣು ಒಣಗಿತ್ತು. ಆ ವರ್ಷ ಅರ್ಧ ಹೊಲದಲ್ಲಿ ಜೋಳ ದಟ್ಟ, ಅರ್ಧದಲ್ಲಿ ತೆಳು. ಯಾರೂ ಅದಕ್ಕೆ ಮರುಗಲಿಲ್ಲ.

ಹಾಗಾಗಿ ಆ ಗಾದೆ ನಮ್ಮ ಕಡೆಯದಲ್ಲ. ರೈತನಿಗೆ ಪೊದೆಯೊಳಗಿನದು ಗೊತ್ತಿದ್ದೂ ಹೊಡೀತಿದ್ದರೆ ನಾನು ಅವನ ಪರ ಇಲ್ಲ. ಆದರೆ ಅವನ ಮುಖ ನೋಡಿ ಅಕ್ಕಾರ, ತಲೆ ತಗ್ಗಿಸಿದ್ದಾನೆ, ಕಣ್ಣು ಸಾಲಿನ ಮೇಲಿದೆ. ಗೊತ್ತಿದೆಯೋ ಇಲ್ಲವೋ ಚಿತ್ರ ಹೇಳ್ತಿಲ್ಲ.

ಪದಗಿತ್ತಿ (ಲಕ್ಷ್ಮೇಶ್ವರ)

ಹೌದು, ಅದನ್ನೇ ನಾನೂ ಬರೆಯೋಕೆ ಹೊರಟಿದ್ದೆ. ಹೇಳದೇ ಇರೋದಕ್ಕೇ ನಾವು ಐದು ಜನ ಮೂರು ದಿನದಿಂದ ಮಾತಾಡ್ತಿದ್ದೇವೆ.

ಬಣ್ಣದಪೆಟ್ಟಿಗೆ (ಧಾರವಾಡ)

ಇನ್ನೊಂದು ಸಣ್ಣ ಪ್ರಶ್ನೆ, ಆಮೇಲೆ ತೊಂದರೆ ಕೊಡಲ್ಲ. ಗಾಳದವನ ಹತ್ತಿರ, ದಂಡೆಯ ಟೊಂಗೆಯ ಮೇಲೆ ಒಂದು ಹಕ್ಕಿ ಕೂತಿದೆ. ಚಿತ್ರದಲ್ಲಿ ಇಷ್ಟೆಲ್ಲ ಯೋಚಿಸಿ ಇಟ್ಟವರು ಹಕ್ಕಿಯನ್ನು ಸುಮ್ನೆ ಇಟ್ಟಿರಲ್ಲ ಅಲ್ವಾ?

ಡ್ರಾಯಿಂಗ್ ಮಾಸ್ತರ (ಗದಗ)

ಭೇಷ್ ತಂಗಿ, ಆ ಹಕ್ಕಿ ಕಂಡಿತಲ್ಲ! ಸುಮ್ನೆ ಇಟ್ಟಿಲ್ಲ. ಅದು ಕೌಜುಗ. ಅದರ ಕತೆ ಇಕಾರಸ್ ಕತೆಗಿಂತ ನನಗೆ ಜಾಸ್ತಿ ಕಾಡ್ತದೆ.

ಡೀಡಲಸ್‌ಗೆ ಒಬ್ಬ ಅಕ್ಕನೋ ತಂಗಿಯೋ ಇದ್ದಳು. ಅವಳು ತನ್ನ ಮಗನನ್ನು ಕೆಲಸ ಕಲಿಯಲಿ ಅಂತ ಅವನ ಹತ್ತಿರ ಬಿಟ್ಟಳು. 12 ವರ್ಷದ ಹುಡುಗ, ಬಹಳ ಚುರುಕು. ಮೀನಿನ ಬೆನ್ನೆಲುಬು ನೋಡಿ ಕಬ್ಬಿಣದಲ್ಲಿ ಹಲ್ಲು ಕೊರೆದು ಗರಗಸ ಮಾಡಿದ. ಎರಡು ಕಡ್ಡಿಯನ್ನು ತುದಿಗೆ ಜೋಡಿಸಿ ಒಂದನ್ನು ಊರಿ ಇನ್ನೊಂದನ್ನು ತಿರುಗಿಸಿ ವೃತ್ತ ಎಳೆಯುವ ಕೈವಾರ ಮಾಡಿದ. ಸೋದರಮಾವನಿಗೆ ಹೊಟ್ಟೆಕಿಚ್ಚು. ಅಥೆನ್ಸಿನ ಎತ್ತರದ ಕೋಟೆಯ ಮೇಲಿನಿಂದ ಹುಡುಗನನ್ನು ತಳ್ಳಿಬಿಟ್ಟ, ತಾನೇ ಬಿದ್ದ ಅಂತ ಸುಳ್ಳು ಹೇಳಿದ. ಬೀಳುವಾಗಲೇ ದೇವತೆ ಮಿನರ್ವಾ ಅವನನ್ನು ಹಿಡಿದು ಹಕ್ಕಿ ಮಾಡಿದಳು. ಹುಡುಗನ ಹೆಸರೇ ಹಕ್ಕಿಗೆ ಬಂತು, ಪೆರ್ಡಿಕ್ಸ್. ಬಿದ್ದ ನೆನಪು ಇರುವುದರಿಂದ ಆ ಹಕ್ಕಿ ಎತ್ತರಕ್ಕೆ ಹಾರೋದಿಲ್ಲ, ಮರದಲ್ಲಿ ಗೂಡು ಕಟ್ಟೋದಿಲ್ಲ, ನೆಲದಲ್ಲೇ ಪೊದೆಯ ಬುಡದಲ್ಲಿ ಮೊಟ್ಟೆ ಇಡ್ತದೆ ಅಂತ ಓವಿಡ್ ಹೇಳ್ತಾನೆ. ಡೀಡಲಸ್ ತನ್ನ ಮಗನ ಹೆಣವನ್ನು ಮಣ್ಣು ಮಾಡುವಾಗ ಅದೇ ಹಕ್ಕಿ ಹತ್ತಿರ ಬಂದು ರೆಕ್ಕೆ ಬಡಿದು ಸಂತೋಷದಿಂದ ಕೂಗಿತಂತೆ.

ಕೌಜುಗ ಹಾಗೇ ಅಲ್ವಾ? ಎರಿಹೊಲದವರು ಬೇಕಾದರೆ ಹೇಳಲಿ. ನಾನು ಸಣ್ಣವನಿದ್ದಾಗ ಹೊಲದ ಬದುವಿನಲ್ಲಿ ಎಷ್ಟೋ ನೋಡಿದ್ದೇನೆ, ಕಾಲ ಬುಡದಿಂದ ಭರ್ರನೆ ಎದ್ದು, ಆಳೆತ್ತರ ಹಾರಿ, ಆಚೆ ಬದುವಿನಲ್ಲಿ ಇಳಿದು ಓಡಿಬಿಡ್ತದೆ. ಮೇಲಕ್ಕೆ ಹೋಗೋದೇ ಇಲ್ಲ.

ಈಗ ಚಿತ್ರ ನೋಡು. ಬಲಗಡೆ ಮೂಲೆಯಲ್ಲಿ ನೀರಿನಲ್ಲಿ ಒಬ್ಬ ಹುಡುಗ, ದಂಡೆಯಲ್ಲಿ ಇನ್ನೊಬ್ಬ ಹುಡುಗ. ಇಬ್ಬರೂ ಎತ್ತರದಿಂದ ಬಿದ್ದವರು. ಇಬ್ಬರ ಬೀಳುವಿಕೆಗೂ ಒಬ್ಬನೇ ಮನುಷ್ಯನ ಕೈ ಇದೆ, ಒಂದು ತಳ್ಳಿದ ಕೈ, ಒಂದು ರೆಕ್ಕೆ ಕಟ್ಟಿದ ಕೈ. ಅವನು ಮಾತ್ರ ಚಿತ್ರದಲ್ಲಿ ಇಲ್ಲ. ನೀಲಿಗೆರೆಯವರು ಹೇಳಿದಂತೆ ನಾವು ಅವನ ಎತ್ತರದಿಂದ ನೋಡ್ತಿದ್ದರೆ, ಆ ಹಕ್ಕಿ ನಮ್ಮ ಲೆಕ್ಕವನ್ನೂ ಇಟ್ಟುಕೊಂಡಿದೆ ಅಂತ ಆಯ್ತು. ಇಷ್ಟು ವರ್ಷ ಕಲಿಸಿದರೂ ಇದನ್ನು ಹೀಗೆ ಜೋಡಿಸಿ ನೋಡಿರಲಿಲ್ಲ. ನಿಮ್ಮೆಲ್ಲರ ಮಾತಿನಿಂದ ಬಂತು.

ಎರಿಹೊಲ (ಶಿಗ್ಗಾಂವಿ)

ಕೌಜುಗ ಹಾಗೇ, ಮಾಸ್ತರು ಹೇಳಿದ್ದು ಪೂರಾ ಸರಿ. ಉಳುಮೆ ಮಾಡುವಾಗ ಬದುವಿನ ಹತ್ತಿರ ಬಂದಾಗ ಏಳ್ತದೆ. ಮೊಟ್ಟೆ ಇದ್ದರೆ ಕೊನೇ ಕ್ಷಣದವರೆಗೆ ಏಳೋದಿಲ್ಲ, ಕುಳದ ಮುಂದೆ ಕೂತೇ ಇರ್ತದೆ. ಅಂಥ ಕಡೆ ನಾವು ರಂಟಿ ಎತ್ತಿ ಸುತ್ತಿ ಹೋಗ್ತೇವೆ, ನಮ್ಮ ಅಪ್ಪ ಕಲಿಸಿದ್ದು. ನೆಲ ನೋಡ್ತಾ ನಡೆಯುವವನಿಗೆ ಮಾತ್ರ ಅದು ಕಾಣೋದು ತಂಗಿ. ಇದನ್ನೂ ನಿನ್ನ ಸೆಮಿನಾರಿನಲ್ಲಿ ಹೇಳು.

ಬಣ್ಣದಪೆಟ್ಟಿಗೆ (ಧಾರವಾಡ)

ಇವತ್ತು ಸಂಜೆ ಅಪ್ಪನಿಗೆ ಫೋನ್ ಮಾಡಿ ಎಲ್ಲರ ಮಾತನ್ನೂ ಓದಿ ಹೇಳಿದೆ. ಪೊದೆಯೊಳಗಿನ ತಲೆಯ ವಿಷಯ ಬಂದಾಗ ಸುಮ್ಮನಾದರು. ಹಕ್ಕಿ ಕತೆ ಎರಡು ಸಲ ಹೇಳಿಸಿಕೊಂಡರು. ಆಮೇಲೆ, “ಆ ಗಾಳದಾಂವ ಹಕ್ಕಿನರ ನೋಡ್ಯಾನೇನು?” ಅಂತ ಕೇಳಿದರು. ನಾನು ಚಿತ್ರ ತೆರೆದು ನೋಡಿ ಹೇಳಿದೆ, ಇಲ್ಲಪ್ಪಾ, ಅದು ಇಷ್ಟು ಹತ್ತಿರ ಕೂತಿದೆ, ಅದನ್ನೂ ನೋಡಿಲ್ಲ ಅಂತ.

ಕಾಲೇಜಿನ ಹತ್ತಿರದ ಅಂಗಡಿಯಲ್ಲಿ ದೊಡ್ಡ ಪ್ರಿಂಟ್ ಹಾಕಿಸಿದ್ದೇನೆ, 112 ಸೆಂ.ಮೀ. ಅಗಲಕ್ಕೇ, ಅಳತೆ ಕಡಿಮೆ ಮಾಡಬೇಡಿ ಅಂತ ಹೇಳಿ. ಶುಕ್ರವಾರ ಮೊದಲು ಏನೂ ಹೇಳದೆ ಅದನ್ನು ಗೋಡೆಗೆ ಹಾಕಿ, ಯಾರಿಗೆ ಏನು ಕಾಣ್ತದೆ ಅಂತ ಕೇಳ್ತೇನೆ. ಸಾಲಿನಿಂದ ಶುರು ಮಾಡಿ ಹಕ್ಕಿಯವರೆಗೆ ಹೋಗ್ತೇನೆ. ಅಪ್ಪನೂ ಬರ್ತಾರಂತೆ, ಬೆಳಗಿನ ಬಸ್ಸಿಗೆ.